ಹೆಂಡತಿ ಊರಿಗೆ ಹೋದರೆ ಬ್ಯಾಚುಲರ್

ಕೊಲ್ಲಿ ನಾಡಿನ ಮದೀನತ್ ಖಲೀಫಾ ಬಡಾವಣೆಯ ಬಸ್ ಸ್ಟಾಪಿನಲ್ಲಿ ಕನ್ನಡ ಕೇಳಿ, ಬಸ್ಸಿಗೆ ಕಾಯುತ್ತಿದ್ದ ಗ್ರೀಷ್ಮಾಳ ಕಿವಿ ನೆಟ್ಟಗಾಯಿತು. ಎ.ಸಿ. ರಿಪೇರಿಯ ದೂಮಪ್ಪ ಗೆಳೆಯ ಪೃಥ್ವಿರಾಜನಲ್ಲಿ ಗೋಳು ತೋಡಿಕೊಳ್ಳುತ್ತಿದ್ದ.

“ಶುಕ್ರವಾರದೊಳಗೆ ಮನೆ ಖಾಲಿ ಮಾಡ್ಬೇಕಂತೆ ಮಾರಾಯ. ಇದು ಫ್ಯಾಮಿಲಿ ವಿಲ್ಲಾ, ನೀನೀಗ ಬ್ಯಾಚುಲರ್ ಅಂತಾನೆ ಓನರ್.”

“ಮೂರು ಮಕ್ಕಳ ಅಪ್ಪ ಬ್ಯಾಚುಲರಾ?”

“ಹೆಂಡತಿ, ಮಕ್ಕಳು ಊರಿಗೆ ಹೋದ್ರಲ್ಲ! ಒಂಟಿ ಗಂಡಸು ಅಂದ್ರೆ ಪಕ್ಕದ ಫ್ಯಾಮಿಲಿಗಳಿಗೆ ಹೆದರಿಕೆಯಂತೆ.”

“ಅವರದ್ದೇ ಬೆಡ್‌ರೂಮಿಗೆ ಹೋಗಿ ಎ.ಸಿ. ರಿಪೇರಿ ಮಾಡ್ತೀಯಲ್ಲ, ಆಗ ಹೆದರಿಕೆ ಇಲ್ವಾ?”

“ಆಗ ನಾನು ಗಂಡಸೇ ಅಲ್ಲ, ಬರೀ ಎ.ಸಿ.ಯವ.”

“ಖಲಾಸ್, ಮುಗೀತಲ್ಲ, ನಮ್ಮಲ್ಲಿಗೆ ಬಾ.”

“ನಿನ್ನ ಹೆಂಡತಿ ಎಂತ ಹೇಳ್ತಾಳೋ?”

“ಅವಳೂ ಹೋಗಿ ವಾರ ಆಯ್ತು. ಓನರಿಗೆ ಗೊತ್ತಾಗಬಾರದು ಅಂತ ದಿನಾ ಅವಳದ್ದೊಂದು ನೈಟಿ ಒಗೆದು ಹೊರಗೆ ಒಣಹಾಕ್ತಿದ್ದೇನೆ.”

ಬಸ್ ಬಂತು. ಹತ್ತುತ್ತಾ ದೂಮಪ್ಪ ಅಂದ: “ಹಾಗಾದ್ರೆ ನನ್ನವಳದ್ದೂ ನಾಲ್ಕು ತರ್ತೇನೆ.”