ಸೌಂಡು ನನ್ನ ಕೈಲಿಲ್ಲ

ಮೊದಲು ಆ ಮೊಬೈಲ್ ಸೌಂಡು ಕಮ್ಮಿ ಮಾಡು. ಇನ್ನೂ... ಇನ್ನೂ ಸ್ವಲ್ಪ. ಹಾಂ. ಈಗ ಹೇಳ್ತೀನಿ. ಮಧ್ಯದಲ್ಲಿ ಯಾರಾದ್ರೂ ಕಿಸಕ್ ಅಂದ್ರೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ, ಆಮೇಲೆ ಅಳಬಾರದು. ಇದು ಕಟ್ಟಿದ ಕತೆ ಅಲ್ಲ. ನಮ್ಮ ಚಿಕ್ಕಮ್ಮನ ಮಗನಿಗೆ ಆಗಿದ್ದು. ಅವನ ಬಾಯಿಂದಲೇ ಕೇಳಿದ್ದು... ಬಾಯಿಂದ ಅಂತ ಈಗ ಹೇಳೋ ಹಾಗೂ ಇಲ್ಲ ಬಿಡು.

ಅವತ್ತು ಅವನು ಗಿರಾಕಿಯೊಬ್ಬರಿಗೆ ಮದುವೆ ವಿಡಿಯೋ ಕೊಟ್ಟು ತಡವಾಗಿ ನಡ್ಕೊಂಡು ಬರ್ತಿದ್ದ. ನಮ್ಮ ಕಟ್ಟಡದ ಹಿಂದೆ ಒಂದು ಹಾಳು ಬಾವಿ, ಮೇಲೆ ಕಬ್ಬಿಣದ ಮುಚ್ಚಳ. ಅದನ್ನ ದಾಟಿದ್ರೆ ಮೆಟ್ಟಿಲವರೆಗೂ ಇಕ್ಕಟ್ಟಿನ ಓಣಿ. ಬಾವಿ ದಾಟಿದ. ಹಿಂದಿನಿಂದ... ಟ್ರಿಣ್... ಖರ್ರ್. ಸೈಕಲ್ ಬೆಲ್ಲು. ದಾರಿ ಬಿಡೋಣ ಅಂತ ಗೋಡೆಗೆ ಅಂಟಿ ನಿಂತ. ಚಕ್ರದ ಟಿಕಿಟಿಕಿಟಿಕಿ ಹತ್ತಿರ ಬಂತು... ಮೂಗಿನ ಮುಂದೆ ಬಂತು... ಮುಂದಕ್ಕೆ ಹೋಯ್ತು.

ಸೈಕಲ್ ಇರಲಿಲ್ಲ.

ಆ ಬೆಲ್ಲು ಅವನಿಗೆ ಗೊತ್ತಿತ್ತು. ಟ್ರಿಣ್ ಅಂದಮೇಲೆ ಖರ್ರ್ ಅನ್ನೋ ಬೆಲ್ಲು ನಮ್ಮ ಕಟ್ಟಡದಲ್ಲಿ ಒಂದೇ ಇದ್ದಿದ್ದು. ಅದು ಮಣ್ಣಿಗೆ ಹೋಗಿ ವಾರ ಆಗಿತ್ತು.

ತಡೀರಿ, ಹಿಂದಿನದು ಹೇಳಿಬಿಡ್ತೀನಿ.

ಇವನಿಗೆ ಮನೆಯಲ್ಲಿ ಡಂಗುರ ಅಂತ ಅಡ್ಡಹೆಸರು. ಹುಟ್ಟಿದಾಗ ಅತ್ತಿದ್ದು ಕೆಳಗಿನ ಮನೆಗೂ ಕೇಳಿಸಿತ್ತಂತೆ. ದೊಡ್ಡವನಾದಮೇಲೆ ಆ ಗಂಟಲೇ ಅನ್ನ ಕೊಡ್ತು. ಮದುವೆ ಮನೆಗಳಲ್ಲಿ ಮೈಕ್ ಹಿಡಿದು ಮಾತಾಡೋದು, ಅದೇ ಮದುವೆಯ ವಿಡಿಯೋ ಕತ್ತರಿಸಿ, ಹಾಡು ಸೇರಿಸಿ, ತನ್ನ ದನಿಯನ್ನೂ ಸೇರಿಸಿ ಕೊಡೋದು. ಕೆಲಸ ಮನೆಯಲ್ಲೇ. ಲ್ಯಾಪ್‌ಟಾಪ್ ಪರದೆ ಸಣ್ಣದಾಯ್ತು ಅಂತ ಬಾಗಿಲಗಲದ ಮಾನಿಟರ್ ತಂದು ಜೋಡಿಸಿದ. ಅದರೊಳಗೇ ಸ್ಪೀಕರ್ರು. ಸೌಂಡೆಲ್ಲ ಅದರಿಂದಲೇ.

ಅವನ ಗೋಡೆಯ ಆಚೆ ಸೈಕಲ್ ತಾತ, ಅಜ್ಜಿ. ತಾತ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದವರು. ಪಾರ್ಶ್ವವಾಯು ಹೊಡೆದು ಮಾತು ನಿಂತುಹೋಗಿತ್ತು. ಮೈಯಲ್ಲಿ ಆಡ್ತಿದ್ದದ್ದು ಬಲಗೈ ಹೆಬ್ಬೆರಳು ಒಂದೇ. ಅದಕ್ಕೆ ಅಜ್ಜಿ ಏನ್ ಮಾಡಿದ್ರು, ಅವರ ಹಳೇ ಸೈಕಲ್ಲಿನ ಬೆಲ್ಲು ಬಿಚ್ಚಿ ಮಂಚದ ಸರಳಿಗೆ ಕಟ್ಟಿದ್ರು. ಒಂದ್ಸಲ ಹೊಡೆದ್ರೆ ನೀರು. ಬಿಡದೆ ಹೊಡೆದ್ರೆ ಕಫ ಕಟ್ಟಿದೆ, ತಕ್ಷಣ ಮಗ್ಗುಲು ಹೊರಳಿಸಬೇಕು. ಇಲ್ಲದಿದ್ರೆ ಉಸಿರು ಸಿಕ್ಕಿಹಾಕ್ಕೊಳ್ಳುತ್ತೆ. ಅಜ್ಜಿ ಹಿಂದಿನ ಕೋಣೆಯಲ್ಲಿ ಬಟ್ಟೆ ಹೊಲೀತಿದ್ರು. ಆಗಾಗ ಮಷೀನಿನ ಪೆಡಲ್ ನಿಲ್ಲಿಸಿ ಕಿವಿಗೊಡೋರು... ಮತ್ತೆ ತುಳಿಯೋರು.

ಇವನ ಮಾನಿಟರ್ ಬಂದಮೇಲೆ ಪೆಡಲ್ ನಿಲ್ಲಿಸಿದ್ರೂ ಬರೀ ವಾದ್ಯದ ಗದ್ದಲ. ಅಜ್ಜಿ ಬಾಗಿಲು ತಟ್ಟಿದ್ರು.

"ಸ್ವಲ್ಪ ಸೌಂಡು ಕಮ್ಮಿ ಮಾಡ್ಕೋ ಮಗಾ. ಅವರ ಬೆಲ್ಲು ಕೇಳಿಸ್ತಿಲ್ಲ ನನಗೆ."

ಈ ಘನಂದಾರಿ ಏನ್ ಮಾಡಿದ ಗೊತ್ತಾ? ಒಳಗೆ ಕರೆದು ತೋರಿಸಿದ. ಕೀಬೋರ್ಡಿನ ಸೌಂಡ್ ಕೀ ಒತ್ತಿದ. ಪರದೆ ಮೇಲೆ ಅಡ್ಡಗೆರೆ ಹೊಡೆದ ಸ್ಪೀಕರ್ ಚಿತ್ರ ಬಂತು. ಸೌಂಡು ಹಾಗೇ ಇತ್ತು. "ನೋಡಿದ್ರಾ ಅಮ್ಮಾ? ಇದು ಹೊರಗಿಂದ ಜೋಡಿಸಿದ ಮಾನಿಟರು. ಕಂಪ್ಯೂಟರ್ ಮಾತು ಕೇಳಲ್ಲ. ಸೌಂಡು ನನ್ನ ಕೈಲಿಲ್ಲ."

ಅರ್ಧ ನಿಜ ಅದು. ಕೀ ಒತ್ತಿದ್ರೆ ಆಗ್ತಿರಲಿಲ್ಲ. ಆದ್ರೆ ಮಾನಿಟರಿನ ಬೆನ್ನಿಗೆ ಕಡಲೆಕಾಳಿನಷ್ಟು ಒಂದು ಗುಂಡಿ ಇತ್ತು. ಅದನ್ನ ಕೆಳಗೆ ಒತ್ತಿದ್ರೆ ಸೌಂಡು ಟಕ್ ಟಕ್ ಅಂತ ಇಳಿಯೋದು, ಎಷ್ಟಿದೆ ಅಂತ ಪರದೆ ಮೇಲೆ ಅಂಕಿ ಬರೋದು. ಗಿರಾಕಿ ಫೋನ್ ಬಂದಾಗೆಲ್ಲ ಇವನ ಬೆರಳು ಸುಮ್ಮನೆ ಹಿಂದಕ್ಕೆ ಹೋಗ್ತಿತ್ತು ಅಂತ ಅವನ ಹೆಂಡತಿಯೇ ಹೇಳಿದಳು. ಜಾಣ ಕಿವುಡು ಕೇಳಿದೀರಲ್ಲ, ಇದು ಜಾಣ ಕುರುಡೂ ಹೌದು. ಪಾಪ, ಅಜ್ಜಿ ನಂಬಿದ್ರು. "ಅವನ ಕೈಲಿಲ್ವಂತಮ್ಮ, ಏನ್ ಮಾಡ್ತಾನೆ ಹುಡುಗ" ಅಂತ ನನ್ನ ಹತ್ರ ಅವನ ಪರವಾಗೇ ಮಾತಾಡಿದ್ರು. ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ.

ಒಂದು ಸಂಜೆ ಅಜ್ಜಿ ಹೊಲಿಗೆ ಮುಗಿಸಿ ಮುಂದಿನ ಕೋಣೆಗೆ ಬಂದ್ರು. ತಾತನ ಕಣ್ಣು ಬಾಗಿಲ ಕಡೆ ನೆಟ್ಟಿತ್ತು. ಮೈ ತಣ್ಣಗಾಗಿತ್ತು. ಹೆಬ್ಬೆರಳು ಬೆಲ್ಲಿನ ಮೇಲೇ ಇತ್ತು... ಬಿಡಿಸೋಕೆ ಆಗಲಿಲ್ಲ. ಬೆಲ್ಲನ್ನೇ ಸರಳಿಂದ ಬಿಚ್ಚಿ, ಕೈಯಲ್ಲಿ ಹಾಗೇ ಬಿಟ್ಟು ಮಣ್ಣು ಮಾಡಿದ್ರು. ನಾನೇ ನೋಡಿದೀನಿ. ಮೊದಲ ಹಿಡಿ ಮಣ್ಣು ಬೆಲ್ಲಿನ ಮೇಲೇ ಬಿತ್ತು. ಖರ್ರ್ ಅಂತು.

ಈಗ ಓಣಿಗೆ ಬನ್ನಿ.

ಇವನು ಎದ್ದೆನೋ ಬಿದ್ದೆನೋ ಅಂತ ಮೆಟ್ಟಿಲು ಹತ್ತಿ ಮನೆ ಸೇರಿದ. ಹೆಂಡತಿ ಮಲಗಿದ್ದಳು. ಹೆದರಿಕೆ ಮರೆಯೋಕೆ ಕೆಲಸಕ್ಕೆ ಕೂತ, ವಾದ್ಯ ಹಾಕಿದ. ಆಗ ಪರದೆಯ ಕೆಳಗೆ ತಾನಾಗೇ ಅಂಕಿ ಬಂತು. ನೂರು. ಇವನು ಏನೂ ಮುಟ್ಟಿಲ್ಲ.

ಟಕ್... ತೊಂಬತ್ತೊಂಬತ್ತು. ಟಕ್... ತೊಂಬತ್ತೆಂಟು.

ಸೌಂಡು ಇಳೀತಾ ಹೋಯ್ತು. "ಏಯ್, ಎದ್ದೇಳೇ!" ಅಂತ ಹೆಂಡತಿಯನ್ನ ಕೂಗಿದ. ಅವಳು ಅಲ್ಲಿಂದಲೇ, "ಏನ್ರೀ, ಯಾಕೆ ಪಿಸುಗುಡ್ತೀರಿ? ಜೋರಾಗಿ ಹೇಳಿ" ಅಂದಳು.

ಇವನು ಗಂಟಲು ಹರಿಯೋ ಹಾಗೆ ಕೂಗ್ತಿದ್ದ.

ಟಕ್... ಟಕ್... ಟಕ್. ಒಂದೊಂದು ಅಂಕಿಗೂ ಅವನ ದನಿಯೂ ಇಳೀತಿತ್ತಂತೆ. ಗುಂಡಿಯನ್ನ ಮೇಲಕ್ಕೆ ಒತ್ತಿಬಿಡೋಣ ಅಂತ ಮಾನಿಟರಿನ ಹಿಂದಕ್ಕೆ ಕೈ ಹಾಕಿದ. ತಡಕಾಡಿದ. ಗುಂಡಿ ಸಿಗಲಿಲ್ಲ.

ಅಲ್ಲಿ ಆಗಲೇ ಒಂದು ಹೆಬ್ಬೆರಳಿತ್ತು.

ತಣ್ಣಗೆ, ದಪ್ಪಗೆ, ಜಿಡ್ಡು ಜಿಡ್ಡಾಗಿ. ಇವನ ಬೆರಳನ್ನ ತಳ್ಳಲಿಲ್ಲ, ಹಿಡಿಯಲಿಲ್ಲ. ತನ್ನ ಪಾಡಿಗೆ ಒತ್ತುತ್ತಾ ಇತ್ತು... ಟಕ್... ಟಕ್.

ಅಂಕಿ ಐದಕ್ಕೆ ಬಂದು ನಿಂತಿತಂತೆ. ಬೆಳಿಗ್ಗೆ ನನ್ನ ಬಾಗಿಲಿಗೆ ಬಂದ. ಬೆರಳ ತುದಿಯಲ್ಲಿ ಸೈಕಲ್ ಚೈನಿನ ಕರೀ ಗ್ರೀಸು. ಕಿವಿ ಅವನ ಬಾಯಿಗೆ ಹಚ್ಚಿದ್ರೆ ಮಾತ್ರ ದನಿ ಸಿಗ್ತಿತ್ತು.

"ಅಕ್ಕಾ... ಅವತ್ತು ಬೆಲ್ಲು ನನಗೆ ಕೇಳಿಸಿತ್ತು."

"ಏನಂದೆ?"

"ಗೋಡೆ ಪಕ್ಕದಲ್ಲೇ ಅಲ್ವಾ ಮಂಚ... ಬಿಡದೆ ಹೊಡೀತಿದ್ರು. ನನ್ನ ದನಿ ಸೇರಿಸೋ ಹೊತ್ತು, ತಲೆ ಚಿಟ್ಟು ಹಿಡೀತು. ನಾನೇ... ನಾನೇ ಸೌಂಡು ಏರಿಸಿಬಿಟ್ಟೆ."

ಕಪಾಳಕ್ಕೆ ಒಂದು ಬಿಟ್ಟೆ. ಹೌದು, ಬಿಟ್ಟೆ, ಏನೀಗ? 'ಅಯ್ಯೋ' ಅಂತ ಬಾಯಿ ತೆರೆದ. ಸದ್ದೇ ಬರಲಿಲ್ಲ. ಎಷ್ಟಾದ್ರೂ ಎತ್ತಿ ಆಡಿಸಿದ ಮಗು. ಗಂಟಲು ಹೋದ್ರೆ ಅವನ ಬದುಕೇ ಹೋದ ಹಾಗೆ. ರಟ್ಟೆ ಹಿಡಿದು ಅಜ್ಜಿ ಹತ್ರ ಎಳ್ಕೊಂಡು ಹೋದೆ. ಮಾಡಿದ್ದುಣ್ಣೋ ಮಹರಾಯ ಅಂತಾರೆ ಸರಿ, ಕ್ಷಮೆ ಕೇಳಿದ್ರೆ ಒಂದು ತುತ್ತಾದ್ರೂ ಕಮ್ಮಿ ಆದೀತು ಅನ್ನೋ ಆಸೆ.

ಅಜ್ಜಿ ಪೆಡಲ್ ನಿಲ್ಲಿಸಿದ್ರು. ಇವನು ಅವರ ಕಾಲ ಹತ್ರ ಕುಸಿದು ಕೂತು ಬಾಯಿ ಆಡಿಸಿದ.

"ಏನು ಮಗಾ? ಕೇಳಿಸ್ತಿಲ್ಲ. ಸ್ವಲ್ಪ ಜೋರಾಗಿ ಹೇಳು."

ನಾನೇ ಹೇಳಿದೆ. ಗುಂಡಿ ಇದ್ದಿದ್ದು, ಬೆಲ್ಲು ಕೇಳಿಸಿದ್ದು, ಸೌಂಡು ಏರಿಸಿದ್ದು. ಎಲ್ಲ. ಅಜ್ಜಿ ಅಳಲಿಲ್ಲ. ಎದ್ದುಹೋಗಿ ಮುಂದಿನ ಕೋಣೆಯ ಮಂಚದ ಖಾಲಿ ಸರಳನ್ನ ನೋಡಿಬಂದ್ರು. ಆಮೇಲೆ ಅವನ ಮುಖ ಎತ್ತಿ ಹಿಡಿದು, "ಕೇಳಿಸಿತ್ತಾ?" ಅಂದ್ರು.

ತಲೆ ಆಡಿಸಿದ.

"ಅಜ್ಜೀ, ತಾತನಿಗೆ ನೀವೊಂದು ಮಾತು ಹೇಳಿ. ನಿಮ್ಮ ಮಾತು ಮೀರಲ್ಲ ಅವರು" ಅಂತ ನಾನು ಅಂಗಲಾಚಿದೆ.

ಅಜ್ಜಿ ಸೂಜಿಗೆ ದಾರ ಪೋಣಿಸಿದ್ರು. ತಣ್ಣಗೆ ಹೇಳಿದ್ರು:

"ಹೇಳ್ತಿದ್ದೆ ಮಗಾ. ಆದ್ರೆ ಏನ್ ಮಾಡ್ಲಿ... ನನ್ನ ಕೈಲಿಲ್ಲ."

ಪೆಡಲ್ ಶುರುವಾಯ್ತು. ಕಟಕಟಕಟಕಟ. ಅವರು ಮತ್ತೆ ತಲೆ ಎತ್ತಲಿಲ್ಲ.

ಆ ರಾತ್ರಿ ಅಂಕಿ ಸೊನ್ನೆಗೆ ಬಂತಂತೆ. ಡಾಕ್ಟರು ಗಂಟಲಿಗೆ ದೀಪ ಬಿಟ್ಟು ನೋಡಿ, ಎಲ್ಲ ಸರಿಯಾಗಿದೆ ಅಂದ್ರು. ಹೆಂಡತಿ ಮಾನಿಟರನ್ನ ಗುಜರಿಗೆ ಹಾಕಿದಳು. ಏನೂ ಬದಲಾಗಲಿಲ್ಲ. ಈಗಲೂ ಇದಾನೆ, ಹೋದ್ರೆ ನಗ್ತಾನೆ, ಬಾಯಿ ಆಡಿಸ್ತಾನೆ. ನೀರು ಬೇಕಾದ್ರೆ ಬೆಲ್ಲು ಹೊಡೀತಾನೆ.

ಹೌದು, ಬೆಲ್ಲು. ಮಾನಿಟರ್ ಇದ್ದ ಮೇಜಿನ ಅಂಚಿಗೆ ಒಂದು ಬೆಳಿಗ್ಗೆ ಕೂತಿತ್ತು. ಅವನು ತಂದಿದ್ದಲ್ಲ, ಅವಳು ತಂದಿದ್ದಲ್ಲ. ಟ್ರಿಣ್... ಖರ್ರ್. ನಾನೇ ಸ್ಪ್ಯಾನರ್ ಹಾಕಿ ಬಿಚ್ಚೋಕೆ ನೋಡಿದೆ. ನಟ್ಟು ಅಲುಗಲಿಲ್ಲ. ಬೆಲ್ಲಿನ ಒಳಗೆ ಹಸಿ ಮಣ್ಣು ಮೆತ್ತಿತ್ತು.

ಸುಳ್ಳು ಅನ್ನಿಸುತ್ತಾ? ಎಲ್ಲಿ, ಆ ದೀಪ ಈ ಕಡೆ ತಿರುಗಿಸು. ನನ್ನ ಈ ಬೆರಳು ನೋಡು... ತುದಿ. ಕರೀ ಗ್ರೀಸು. ಅವತ್ತು ಆ ಬೆಲ್ಲಿಂದ ಹತ್ತಿದ್ದು. ಯಾವ ಸೋಪಿಗೂ ಹೋಗಿಲ್ಲ.