ಬಲಗಡೆಯ ಮೀನೆಣ್ಣೆ ಗುಳಿಗೆ

ಓಡ್ವಾರ್‌ನ ಬಾಳಸಂಗಾತಿ ಗುನ್‌ವೋರ್ ಅವರೇ, ಕುಟುಂಬದವರೇ, ಸ್ಕ್ಯಾನಿಂಗ್ ವಿಭಾಗದ ಗೆಳೆಯರೇ, ಓಡ್ವಾರ್ ಕೈಯಿಂದ ಎಂಆರ್‌ಐ ಕೊಳವೆಯೊಳಗೆ ಹೋಗಿ ಬಂದವರೇ — ಎಲ್ಲರಿಗೂ ನಮಸ್ಕಾರ. ಅವನ ಅಂತ್ಯಕ್ರಿಯೆಗೆಂದು ಭಾಷಣ ಬರೆದು ತಂದಿದ್ದೆ. ಅದನ್ನು ಮಡಚಿ ಜೇಬಿಗಿಡುತ್ತೇನೆ. ನೆನಪಾದ ಹಾಗೆ ಹೇಳುತ್ತೇನೆ.

ಪಾರ್ಶ್ವವಾಯು ಬಡಿದು ಮಾತು ಹೋದವರ ಮೆದುಳನ್ನು ನಾನು ಅಭ್ಯಾಸ ಮಾಡುತ್ತೇನೆ. ಅವರು ಮಾತಿಗೆ ತಡಕಾಡುವಾಗ ಮೆದುಳಿನ ಯಾವ ಭಾಗ ದುಡಿಯುತ್ತದೆ ಎಂದು ಚಿತ್ರದಲ್ಲಿ ಹುಡುಕುತ್ತೇನೆ. ಚಿತ್ರ ತೆಗೆಯುತ್ತಿದ್ದವನು ಓಡ್ವಾರ್. ತೆಗೆಯುವ ಮೊದಲು ಪ್ರತಿಯೊಬ್ಬರ ಬಲ ಕಣತಲೆಯ ಮೇಲೆ — ಇಲ್ಲಿ, ಕಣ್ಣಿನ ಪಕ್ಕ — ಒಂದು ಮೀನೆಣ್ಣೆ ಗುಳಿಗೆ ಅಂಟಿಸುತ್ತಿದ್ದ. ಚಳಿಗಾಲವಿಡೀ ನಾವೆಲ್ಲ ನುಂಗುತ್ತೇವಲ್ಲ, ಅದೇ. ಚಿತ್ರದಲ್ಲಿ ಅದು ಬೆಳ್ಳಗೆ ಕಾಣುತ್ತದೆ. ಬಲ ಯಾವುದು ಎಂದು ಆಮೇಲೆ ಜಗಳವೇ ಇಲ್ಲ.

ನಾನು ಗೇಲಿ ಮಾಡುತ್ತಿದ್ದೆ. ಎಡಬಲ ಯಂತ್ರವೇ ಬರೆಯುತ್ತದೆ ಮಾರಾಯ ಎನ್ನುತ್ತಿದ್ದೆ. ಕಳೆದ ಈಸ್ಟರ್‌ನಲ್ಲಿ ಅವನು ಬೆಟ್ಟದ ಗುಡಿಸಲಿಗೆ ಹೋದಾಗ ಒಂಬತ್ತು ಜನರ ಚಿತ್ರ ನಾನೇ ತೆಗೆದೆ. ಗುಳಿಗೆ ಅಂಟಿಸಲಿಲ್ಲ. ಚಿತ್ರ ಜೋಡಿಸಲು ಹೊಸ ಪ್ರೋಗ್ರಾಂ ಬೇರೆ ಹಾಕಿದ್ದೆ. ಒಂಬತ್ತೂ ಜನರಲ್ಲಿ ಮಾತಿನ ಕೆಲಸ ಎಡದಿಂದ ಬಲಕ್ಕೆ ಹೋಗಿರುವುದು ಕಂಡಿತು. ನಾನು ಕುಣಿದಾಡಿಬಿಟ್ಟೆ. ಅವರ ಬಲ ಮೆದುಳಿಗೆ ಚಿಕಿತ್ಸೆ ಕೊಡುವುದೆಂದೂ ತೀರ್ಮಾನವಾಯಿತು — ಇದೇ ಸೋಮವಾರದಿಂದ.

ಓಡ್ವಾರ್ ಬಂದವನೇ ಕೇಳಿದ್ದು ಒಂದೇ. "ಗುಳಿಗೆ ಎಲ್ಲಿ, ಐವಿಂಡ್?" ಮರುದಿನವೂ ಕೇಳಿದ. ತಲೆ ತಿನ್ನಬೇಡ ಎಂದು ರೇಗಿದೆ.

ಕಳೆದ ತಿಂಗಳು ಅವನಿಗೇ ಪಾರ್ಶ್ವವಾಯು ಆಯಿತು. ಮಾತು ಹೋಯಿತು, ಬಲಗೈ ಬಿದ್ದುಹೋಯಿತು. ಅವನನ್ನು ಕೊಳವೆಗೆ ತಳ್ಳಬೇಕಾಗಿದ್ದವನು ನಾನೇ. ಅವನು ಎಡಗೈಯಿಂದ ಹೀಗೆ — ಬಲ ಕಣತಲೆ ಮುಟ್ಟುತ್ತಲೇ ಇದ್ದ. ತಲೆನೋವೇ ಎಂದು ಕೇಳಿದೆ. ಅಲ್ಲ ಎಂದು ತಲೆಯಾಡಿಸಿದ. ಮತ್ತೆ ಮುಟ್ಟಿದ. ಆಗ ಹೊಳೆಯಿತು. ಅವನ ಖಾನೆಯಿಂದ ಗುಳಿಗೆ ತಂದು ಅಂಟಿಸಿದೆ.

ಹೊಸ ಪ್ರೋಗ್ರಾಂ ಜೋಡಿಸಿಕೊಟ್ಟ ಚಿತ್ರದಲ್ಲಿ ಗುಳಿಗೆ — ಎಡಗಡೆ ಇತ್ತು. ಹಾಗಾದರೆ ಆ ಒಂಬತ್ತು ಜನರ ಚಿತ್ರದಲ್ಲೂ ಎಡಬಲ ಅದಲುಬದಲಾಗಿರಬಹುದು.

ಪರದೆಯನ್ನು ಅವನಿಗೆ ತೋರಿಸಿದೆ. ಅರ್ಧ ಬಾಯಲ್ಲಿ ನಕ್ಕ. ನಾನು ಪರದೆ ಆರಿಸಿದೆ. ಯಾರಿಗೂ ಹೇಳಲಿಲ್ಲ. ಎಲ್ಲೋ ಏನೋ ತಪ್ಪಿರಬೇಕು, ನಾಳೆ ನೋಡೋಣ, ನಾಳೆ ನೋಡೋಣ ಎಂದೇ ಮೂರು ವಾರ ತಳ್ಳಿದೆ. ಅಷ್ಟರಲ್ಲಿ ಎರಡನೇ ಸಲ ಬಡಿಯಿತು. ಅವನು ಹೋದ.

ಆಸ್ಲೌಗ್ ಅವರೇ, ಮೂರನೇ ಸಾಲಿನಲ್ಲಿದ್ದೀರಿ. ಆ ಒಂಬತ್ತು ಜನರಲ್ಲಿ ನೀವೂ ಒಬ್ಬರು. ಸೋಮವಾರ ನಿಮಗೆ ಚಿಕಿತ್ಸೆ ಇಲ್ಲ. ಬೆಳಿಗ್ಗೆ ಅದನ್ನು ನಿಲ್ಲಿಸಿ ಪತ್ರ ಕೊಟ್ಟು ಬಂದೆ. ನಿಮ್ಮ ಚಿತ್ರದ ಎಡಬಲ ಅದಲುಬದಲೋ ಸರಿಯೋ ನನಗೆ ಗೊತ್ತಿಲ್ಲ. ಮತ್ತೆ ಚಿತ್ರ ತೆಗೆಸಿಕೊಳ್ಳಲು ಬನ್ನಿ, ಎಲ್ಲ ಒಂಬತ್ತು ಜನ ಬನ್ನಿ. ನನ್ನ ಮೇಲೆ ನಂಬಿಕೆ ಉಳಿದಿಲ್ಲದಿದ್ದರೂ ಬನ್ನಿ.

ಬಾಗಿಲಲ್ಲಿ ಗುನ್‌ವೋರ್ ಅವನ ಗುಳಿಗೆಗಳ ಈ ಸೀಸೆ ನನ್ನ ಕೈಗಿಟ್ಟರು — ನೋಡಿ. ಅವರಿಗೆ ನಿನ್ನೆಯೇ ಎಲ್ಲ ಹೇಳಿದ್ದೆ. "ಇನ್ನೂ ಅರ್ಧ ಇದೆ, ಐವಿಂಡ್. ಈ ಸಲ ಮರೀಬೇಡ" ಎಂದರು.

ದಯವಿಟ್ಟು ಎಲ್ಲರೂ ಮೌನಾಚರಣೆಗೆ ಎದ್ದು ನಿಲ್ಲಿ. ಕೊಳವೆಯೊಳಗೆ ಹೆದರಿ ಮಲಗಿದವರಿಗೆ ಓಡ್ವಾರ್ ಮೈಕಿನಲ್ಲಿ ಹೇಳುತ್ತಿದ್ದ ಮಾತನ್ನೇ ಹೇಳುತ್ತೇನೆ —

"ಅಲ್ಲಾಡ್ಬೇಡಿ. ಎರಡೇ ನಿಮಿಷ. ನಾನು ಇಲ್ಲೇ ಇದ್ದೀನಿ."