ದೋಣಿಗೆ ಬಂದು ಹೋದ ಮೀನು

ಅಕ್ಟೋಬರ್ ಕೊನೆಯ ಸಂಜೆ, ರೇನಿ ನದಿಯ ದಂಡೆಯ ಅಂಗಡಿಯಲ್ಲಿ ಗಾಳಕ್ಕೆ ಸಿಕ್ಕಿಸುವ ಮರಿಮೀನು ಕೊಳ್ಳಲು ಸಾಲಿನಲ್ಲಿದ್ದೆ. ನನ್ನ ಮುಂದೆ ಟಾಯ್ವೊ, ಆರ್ವಿಡ್ ಎಂಬ ಇಬ್ಬರು ಮುದುಕರು.

“ಟಾಯ್ವೊ, ನಿನ್ನೆ ನಿನ್ನ ಮಗಳು ದೊಡ್ಡ ವಾಲ್‌ಐ ಮೀನು ಹಿಡಿದ್ಲಂತೆ?”

“ನನ್ನ ತೋಳಷ್ಟು ಉದ್ದ ಕಣೋ, ಆರ್ವಿಡ್.”

“ಫೋಟೋ ತೋರ್ಸು.”

“ಎಲ್ಲಿಂದ ತೋರ್ಸ್ಲಿ? ಹೊಟ್ಟೆ ತುಂಬಾ ಮೊಟ್ಟೆ ಇದೆ ಅಂತ ಆಗ್ಲೇ ನೀರಿಗೆ ಬಿಟ್ಲು.”

“ಬುರುಡೆ ಬಿಡ್ಬೇಡ! ನೀನು ಸುಮ್ನಿದ್ಯಾ?”

“ಬಿಡ್ಬೇಡ ಕಣೇ, ಹೊಟ್ಟು ತುಂಬ್ಸಿ ಗೋಡೆಗೆ ಹಾಕ್ಸೋಣ ಅಂತ ಕಿರುಚ್ದೆ. ‘ಬಸುರಿ ಮೀನು ಬಿಡ್ಬೇಕು ಅಂತ ಕಲಿಸ್ದೋನು ನೀನೇ ಅಲ್ವೇನಪ್ಪ?’ ಅಂದ್ಲು.”

“ಆಮೇಲೆ?”

“ಆಮೇಲೇನು, ಇನ್ನೊಂದು ಮರಿಮೀನು ಗಾಳಕ್ಕೆ ಸಿಕ್ಕಿಸಿ ಅವಳ ಕೈಗೆ ಕೊಟ್ಟೆ.”

ಟಾಯ್ವೊ ಮರಿಮೀನಿನ ಬಕೆಟ್ಟು ಎತ್ತಿಕೊಂಡ.

“ಇವತ್ತಿಂದ ದೋಣಿ ನಡೆಸೋಳು ಅವಳೇ. ನಾನು ಮುಂದ್ಗಡೆ ಕೂತು ಹೇಳ್ದಂಗೆ ಕೇಳ್ತೀನಿ,” ಎಂದು ಎದೆಯುಬ್ಬಿಸಿ ಹೊರಟ.